ಬೇಸಿಗೆ ಕೊನೆಯ ಕೈತೋಟ: ಹಿಡಿ ಹಿಡಿ ಸಿಕ್ಕಿದ್ದನ್ನು ಊಟಕ್ಕೆ ತರುವುದು ಹೇಗೆ?

ಮೇ ತಿಂಗಳು ಬಂತೆಂದರೆ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ. ಒಂದು, "ತಾರಸಿ ಮೇಲೆ ನಾಲ್ಕು ಬೆಂಡೆ, ಮೂರು ಬದನೆ, ಒಂದು ಹಿಡಿ ಹರಿವೆ ಸಿಗ್ತಿದೆ. ಯಾವುದೂ ಒಂದು ಪಲ್ಯಕ್ಕೆ ಸಾಲಲ್ಲ. ಏನು ಮಾಡೋದು?" ಇನ್ನೊಂದು, "ಮಳೆ ಬಿದ್ದ ಮೇಲೆ ಕುಂಡದಲ್ಲಿ ತಾನಾಗಿ ಎದ್ದಿರೋ ಸೊಪ್ಪು ತಿನ್ನಬಹುದಾ?"

ಎರಡಕ್ಕೂ ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದೇ ಉತ್ತರ ಇದೆ: ಬೆರಕೆ ಸೊಪ್ಪು. ಹೊಲದ ಬದುವಿನಲ್ಲಿ, ಹಿತ್ತಲಲ್ಲಿ ಸಿಕ್ಕ ಹತ್ತಾರು ಬಗೆಯ ಸೊಪ್ಪನ್ನು ಸ್ವಲ್ಪ ಸ್ವಲ್ಪ ಕಿತ್ತು, ಒಟ್ಟಿಗೆ ಬೇಯಿಸಿ, ಬಸ್ಸಾರೋ ಮಸ್ಸೊಪ್ಪೋ ಮಾಡುವುದು. ಯಾವುದೂ ಪೂರ್ತಿ ಸಾಲದಿರುವುದೇ ಈ ಅಡುಗೆಯ ಬಲ. ಒಂದು ಸೊಪ್ಪಿನ ಕಹಿ, ಇನ್ನೊಂದರ ಹುಳಿ, ಮತ್ತೊಂದರ ಲೋಳೆ ಸೇರಿ ಬರುವ ರುಚಿ ಅಂಗಡಿಯಿಂದ ತಂದ ಒಂದೇ ಕಟ್ಟಿನ ಸೊಪ್ಪಿಗೆ ಬರುವುದಿಲ್ಲ.

ಬೆಂಗಳೂರಿಗೆ ಈ ಕಾಲ ಚೆನ್ನಾಗಿ ಒದಗುತ್ತದೆ. ಬಿಸಿಲು ಮಾರ್ಚ್, ಏಪ್ರಿಲ್‌ನಲ್ಲಿ ಏರಿರುತ್ತದೆ. ಏಪ್ರಿಲ್ ಕೊನೆಗೆ ಭರಣಿ ಮಳೆ, ಮೇ ನಡುವಿಗೆ ಕೃತ್ತಿಕೆ, ಮೇ 25ರ ಆಸುಪಾಸು ರೋಹಿಣಿ, ಜೂನ್ 7-8ಕ್ಕೆ ಮೃಗಶಿರ. ಬೇಸಿಗೆಯ ಗಿಡಗಳು ಸುಸ್ತಾಗುವ ಹೊತ್ತಿಗೇ ಮಳೆಗೆ ಕಳೆ ಸೊಪ್ಪುಗಳು ಏಳುತ್ತವೆ. ಆ ಮೂರು ನಾಲ್ಕು ವಾರಕ್ಕಾಗಿಯೇ ಈ ಬರಹ.

ಬೇಕಾಗುವುದು ಜಾಸ್ತಿ ಏನಿಲ್ಲ. ಹರಿತವಾದ ಕತ್ತರಿ, ಎರಡು ಬುಟ್ಟಿ (ಬೆಳೆದದ್ದಕ್ಕೆ ಒಂದು, ತಾನಾಗಿ ಎದ್ದದ್ದಕ್ಕೆ ಒಂದು), ದೊಡ್ಡ ಟಬ್, ಸೊಪ್ಪು ಹರಡಲು ಹಳೇ ಪೇಪರ್, ಒಣಗಿಸಲು ತೆಳು ಕಾಟನ್ ಬಟ್ಟೆ, ಒಂದೆರಡು ಗಾಜಿನ ಬಾಟಲಿ. ಎರಡು ಬುಟ್ಟಿ ಬೇಡ, ಒಂದೇ ಸಾಕು ಅನ್ನಿಸಬಹುದು. ದಯವಿಟ್ಟು ಎರಡು ಇಟ್ಟುಕೊಳ್ಳಿ. ಕಾರಣ 3ನೇ ಹಂತದಲ್ಲಿದೆ.

1. ಬೆಳಗ್ಗೆ ಏಳು ಗಂಟೆಯೊಳಗೆ ಕೀಳಿ

ರಾತ್ರಿಯ ತಂಪಿಗೆ ಎಲೆಗಳು ನೀರು ತುಂಬಿಕೊಂಡು ಗರಿಗರಿಯಾಗಿರುತ್ತವೆ. ಹತ್ತು ಗಂಟೆಗೆ ಕಿತ್ತ ಹರಿವೆ ಅಡುಗೆಮನೆಗೆ ಬರುವಷ್ಟರಲ್ಲೇ ಬಾಡುತ್ತದೆ. ಹಿಂದಿನ ದಿನ ಸಂಜೆ ಜೋರು ಮಳೆ ಬಂದಿದ್ದರೆ ಎಲೆ ಮೇಲಿನ ನೀರು ಆರುವವರೆಗೆ ಸ್ವಲ್ಪ ಕಾಯಿರಿ. ಒದ್ದೆ ಸೊಪ್ಪನ್ನು ಬುಟ್ಟಿಯಲ್ಲಿ ಒತ್ತಿಟ್ಟರೆ ಮಧ್ಯಾಹ್ನದೊಳಗೆ ಕೊಳೆಯಲು ಶುರುವಾಗುತ್ತದೆ.

ಬೇವಿನೆಣ್ಣೆ ಸಿಂಪಡಿಸಿದ್ದರೆ ಒಂದು ವಾರ ಆ ಗಿಡದ ಸೊಪ್ಪು ಬೇಡ. ಎಷ್ಟು ತೊಳೆದರೂ ಕಹಿ ಉಳಿಯುತ್ತದೆ. ಅಂಗಡಿಯ ಕೀಟನಾಶಕ ಹೊಡೆದಿದ್ದರೆ ಡಬ್ಬಿಯ ಮೇಲೆ ಬರೆದಿರುವಷ್ಟು ದಿನ ಕಾಯಲೇಬೇಕು.

2. ಬೆಳೆಸಿದ ಗಿಡಗಳಲ್ಲಿ ಏನನ್ನು ಯಾವಾಗ ಕೀಳಬೇಕು

ಮೊದಲು ಟೊಮೆಟೊ ನೋಡಿ. ಬಿಸಿಲು ಜಾಸ್ತಿ ಇದ್ದಾಗ ಗಿಡದ ಮೇಲಿರುವ ಹಣ್ಣಿಗೆ ಕೆಂಪು ಸರಿಯಾಗಿ ಬರುವುದಿಲ್ಲ. ಹಳದಿ ಮಿಶ್ರಿತ ಕಿತ್ತಳೆ ಬಣ್ಣದಲ್ಲೇ ನಿಂತುಬಿಡುತ್ತದೆ. ಜನ ಅದು ಇನ್ನೂ ಹಣ್ಣಾಗಿಲ್ಲ ಎಂದು ಕಾಯುತ್ತಾರೆ. ಅಷ್ಟರಲ್ಲಿ ಮಳೆ ಬರುತ್ತದೆ. ಒಣಗಿದ್ದ ಬೇರು ಒಮ್ಮೆಗೇ ನೀರು ಎಳೆದುಕೊಳ್ಳುತ್ತದೆ, ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ, ತೊಟ್ಟಿನ ಸುತ್ತ ಬಳೆಯ ಹಾಗೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಮಧ್ಯಾಹ್ನಕ್ಕೆ ಇರುವೆ, ಮಾರನೇ ದಿನಕ್ಕೆ ಬೂಸ್ಟು. ಹೋದ ವರ್ಷ ಒಂದೇ ಸಂಜೆಯ ಮಳೆಗೆ ನನ್ನ ಎಂಟು ಹಣ್ಣು ಹೀಗೆ ಒಡೆದವು. ಅದಕ್ಕೇ ಹಸಿರು ಕಾಯಿಯ ತಳದಲ್ಲಿ ಬಣ್ಣ ತಿರುಗಿದ್ದು ಕಂಡ ತಕ್ಷಣ ಕಿತ್ತು ಒಳಗೆ ತನ್ನಿ. ನೆರಳಲ್ಲಿ ಪೇಪರ್ ಮೇಲೆ, ಒಂದಕ್ಕೊಂದು ತಾಗದ ಹಾಗೆ ಇಡಿ. ನಾಲ್ಕೈದು ದಿನದಲ್ಲಿ ಚೆನ್ನಾಗಿ ಕೆಂಪಾಗುತ್ತವೆ. ಫ್ರಿಜ್‌ನಲ್ಲಿ ಇಟ್ಟರೆ ಹಣ್ಣಾಗುವುದಿಲ್ಲ.

ಬೆಂಡೆಕಾಯಿಯ ತುದಿ ಮುರಿದು ನೋಡಿ. ಪಟ್ ಎಂದು ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಬಲಿತದ್ದನ್ನು ಬೀಜಕ್ಕೆ ಬಿಡಿ.

ಕೊತ್ತಂಬರಿ ಈ ಬಿಸಿಲಿಗೆ ಹೂ ಬಿಟ್ಟಿರುತ್ತದೆ. ಗಿಡ ಕಿತ್ತೆಸೆಯಬೇಡಿ. ಹೂವಿನ ಹಿಂದೆ ಬರುವ ಹಸಿರು ಕಾಳನ್ನು ಚಟ್ನಿಗೆ ಹಾಕಿ ನೋಡಿ. ಸೊಪ್ಪಿನ ಘಮ ಮತ್ತು ಧನಿಯಾದ ಘಮ ಎರಡೂ ಒಟ್ಟಿಗೆ ಬರುತ್ತದೆ. ಈ ಕಾಳು ಯಾವ ಮಾರ್ಕೆಟ್ಟಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಬೆಳೆಸಿದವರಿಗೆ ಮಾತ್ರ ಸಿಗುವ ವಸ್ತು ಅದು.

ಸೋರೆ, ಸೌತೆ, ಹೀರೆ ಬೆಳೆದಿದ್ದೀರಾ? ಹಾಗಿದ್ದರೆ ಈ ಎಚ್ಚರಿಕೆ ನಿಮಗೆ. ನೀರು ಕಡಿಮೆಯಾಗಿ, ಬಿಸಿಲು ಹೆಚ್ಚಾದಾಗ ಈ ಜಾತಿಯ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹೆಚ್ಚಬಹುದು. ಬೇಯಿಸಿದರೆ ಅದು ಹೋಗುವುದಿಲ್ಲ. ಪ್ರತಿ ಕಾಯಿಯಿಂದಲೂ ಒಂದು ಸಣ್ಣ ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗಿದು, ಪೂರ್ತಿ ಕಾಯನ್ನು ಗೊಬ್ಬರಕ್ಕೆ ಹಾಕಿ. "ಅಯ್ಯೋ, ಕಷ್ಟಪಟ್ಟು ಬೆಳೆದದ್ದು" ಎಂದು ಉಪ್ಪು ಹಚ್ಚಿ ತಿನ್ನಲು ಹೋಗಬೇಡಿ. ಕಹಿ ಸೋರೆಕಾಯಿ ಜ್ಯೂಸ್ ಕುಡಿದು ಪ್ರಾಣಕ್ಕೇ ಕುತ್ತು ಬಂದದ್ದಿದೆ. ಹಾಗಲಕಾಯಿ ಕಹಿ ಇರುವುದು ಸಹಜ, ಈ ಎಚ್ಚರಿಕೆ ಅದಕ್ಕಲ್ಲ.

ನುಗ್ಗೆ ಮರ ಇದ್ದವರು ಮಳೆ ಶುರುವಾದ ಮೇಲೆ ಕಾಂಡವನ್ನು ಮೊದಲು ನೋಡಿ, ಆಮೇಲೆ ಕೈ ಹಾಕಿ. ಕಂಬಳಿಹುಳುಗಳು ತೊಗಟೆಗೆ ಗುಂಪಾಗಿ ಅಂಟಿಕೊಂಡಿರುತ್ತವೆ. ದೂರದಿಂದ ತೊಗಟೆಯ ಬಣ್ಣವೇ ಅನ್ನಿಸುತ್ತದೆ.

3. ತಾನಾಗಿ ಎದ್ದ ಸೊಪ್ಪನ್ನು ಗುರುತಿಸಿ

ಈ ಹಂತದಲ್ಲಿ ಅವಸರ ಬೇಡ. ನಿಯಮ ಒಂದೇ: ಹೆಸರು ಗೊತ್ತಿಲ್ಲದ್ದು ಬಾಯಿಗಿಲ್ಲ. ಫೋನಿನ ಆ್ಯಪ್ ಹೇಳಿತು ಎಂದು ತಿನ್ನಬೇಡಿ. ಮೊದಲ ಸಲ ಕೀಳುವಾಗ ಸೊಪ್ಪು ಬಲ್ಲವರಿಗೆ ತೋರಿಸಿ. ನಿಮ್ಮ ಬೀದಿಗೆ ಬರುವ ಸೊಪ್ಪಿನಮ್ಮನನ್ನೇ ಕೇಳಿ. "ಅಮ್ಮಾ, ಇದು ಕೀರೆ ತಾನೇ?" ಎಂದರೆ ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಹೇಳುತ್ತಾರೆ. ಬೇರೆ ಬುಟ್ಟಿ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ. ಗುರುತು ಪಕ್ಕಾ ಆಗುವವರೆಗೆ ಅದು ಅಡುಗೆಯ ಸೊಪ್ಪಿನ ಜೊತೆ ಸೇರಬಾರದು.

ಬೆಂಗಳೂರಿನ ಕುಂಡಗಳಲ್ಲಿ, ಹಿತ್ತಲುಗಳಲ್ಲಿ ಸಾಮಾನ್ಯವಾಗಿ ಏಳುವವು ಇವು.

ಗೋಣಿ ಸೊಪ್ಪು: ನೆಲಕ್ಕೆ ಹಬ್ಬುತ್ತದೆ. ಕೆಂಪು ಛಾಯೆಯ ದಪ್ಪ ದಂಟು, ನೀರು ತುಂಬಿದ ಪುಟ್ಟ ಎಲೆ, ಹಳದಿ ಹೂ. ಬಾಯಿಗೆ ಸ್ವಲ್ಪ ಹುಳಿ, ಸ್ವಲ್ಪ ಉಪ್ಪು. ಇದರ ಹಾಗೇ ನೆಲಕ್ಕೆ ಹಬ್ಬುವ, ಕೆಂಪು ದಂಟಿನ ಇನ್ನೊಂದು ಕಳೆ ಇದೆ. ಅದರ ಎಲೆ ತೆಳು, ದಂಟು ಮುರಿದರೆ ಬಿಳಿ ಹಾಲು ಬರುತ್ತದೆ. ಅದು ತಿನ್ನುವಂಥದ್ದಲ್ಲ. ಪ್ರತಿ ಬಾರಿ ಒಂದು ದಂಟು ಮುರಿದು ನೋಡಿ. ಹಾಲು ಬಂದರೆ ಬೇಡ.

ಕೀರೆ ಸೊಪ್ಪು: ಹರಿವೆಯ ಕಾಡು ತಮ್ಮ. ಹಸಿರು ಎಲೆ, ತುದಿಯಲ್ಲಿ ಹಸಿರು ತೆನೆ. ಗೆಣ್ಣಿನಲ್ಲಿ ಮುಳ್ಳಿದ್ದರೆ ಅದು ಮುಳ್ಳುಹರಿವೆ. ಅದರ ಎಳೆ ಕುಡಿಯನ್ನೂ ತಿನ್ನುತ್ತಾರೆ, ಆದರೆ ಬಿಡಿಸುವುದು ಬಲು ಕಷ್ಟ.

ಅಣ್ಣೆ ಸೊಪ್ಪು: ರಾಗಿ ಹೊಲದ ಕಳೆ. ಗುಲಾಬಿ ಬಿಳಿ ಬಣ್ಣದ, ದೀಪದ ಕುಡಿಯಂಥ ಹೂ ಬಿಡುತ್ತದೆ. ಹೂ ಬಿಡುವ ಮೊದಲೇ ಕೀಳಬೇಕು. ಆಮೇಲೆ ನಾರು.

ಗಣಿಕೆ ಸೊಪ್ಪು: ಕಾಶಿ ಸೊಪ್ಪು ಎಂದೂ ಕರೆಯುತ್ತಾರೆ. ನಕ್ಷತ್ರದಂಥ ಸಣ್ಣ ಬಿಳಿ ಹೂ, ನಡುವೆ ಹಳದಿ. ಬಟಾಣಿಗಿಂತ ಚಿಕ್ಕ ಕಾಯಿ ಗೊಂಚಲು. ಎಲೆಯನ್ನು ಬೇಯಿಸಿಯೇ ತಿನ್ನಬೇಕು. ಹಸಿರು ಕಾಯಿ ವಿಷ, ಅದನ್ನು ಒಂದೊಂದಾಗಿ ಬಿಡಿಸಿ ತೆಗೆಯಿರಿ. ಮಕ್ಕಳು ಕಪ್ಪು ಹಣ್ಣು ಕಿತ್ತು ತಿನ್ನುವ ಮನೆಯಾದರೆ ಹಸಿರು ಕಾಯಿ ಮುಟ್ಟಬಾರದೆಂದು ಮೊದಲೇ ಹೇಳಿಕೊಡಿ. ಎಳೆಯ ಉಮ್ಮತ್ತಿ ಗಿಡ ಗಣಿಕೆಯ ಹಾಗೇ ಕಾಣಬಹುದು. ಉಮ್ಮತ್ತಿ ಘೋರ ವಿಷ. ಅದರ ಹೂ ಕಹಳೆಯಂತೆ ಉದ್ದ, ಕಾಯಿಗೆ ಮುಳ್ಳು, ಎಲೆ ಉಜ್ಜಿದರೆ ಕೆಟ್ಟ ವಾಸನೆ. ಅದಕ್ಕೇ ನಾನು ಹೂ ಕಾಣದ ಗಣಿಕೆಯನ್ನು ಕೀಳುವುದೇ ಇಲ್ಲ.

ಹೊನಗೊನ್ನೆ: ತೇವ ಇರುವ ಕುಂಡದಲ್ಲಿ ಹಬ್ಬುತ್ತದೆ. ಬಿಳಿ ಹೂವಿನ ಪುಟ್ಟ ಉಂಡೆಗಳು ಎಲೆಯ ಕಂಕುಳಲ್ಲೇ ಅಂಟಿಕೊಂಡು ಕೂತಿರುತ್ತವೆ. ನಮ್ಮ ಕೆರೆಗಳಲ್ಲಿ ಇದನ್ನೇ ಹೋಲುವ ಇನ್ನೊಂದು ಗಿಡ ಚಾಪೆಯ ಹಾಗೆ ಹರಡಿದೆ. ಅದರ ಹೂವಿನ ಉಂಡೆಗೆ ಉದ್ದ ತೊಟ್ಟು ಇರುತ್ತದೆ, ದಂಟು ಒಳಗೆ ಟೊಳ್ಳು. ತೊಟ್ಟು ಕಂಡರೆ ಬಿಡಿ.

ಇನ್ನು ಒಂದೆಲಗ, ಮೂರೆಲೆಯ ಹುಳಿಸೊಪ್ಪು (ಹಳಬರು ಪುಲ್ಲಂಪುರಚಿ ಎನ್ನುವುದು) ಹೆಚ್ಚಿನವರಿಗೆ ಗೊತ್ತು. ಚೆಂಡುಹೂವಿನ ಎಲೆಯಂತೆ ಸೀಳು ಸೀಳಾಗಿ ಎದ್ದಿರುವುದು ಬಹುಪಾಲು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಮೈಗೆ ತುರಿಕೆ, ಕೆಲವರಿಗೆ ಉಬ್ಬಸ ತರುತ್ತದೆ. ಗ್ಲೌಸ್ ಹಾಕಿಕೊಂಡು, ಹೂ ಬಿಡುವ ಮೊದಲೇ ಬೇರುಸಮೇತ ಕಿತ್ತುಬಿಡಿ.

ಹೊಸ ಸೊಪ್ಪನ್ನು ಮೊದಲ ದಿನ ಬೇಯಿಸಿ, ಎರಡು ತುತ್ತು ಮಾತ್ರ ತಿನ್ನಿ. ಮೈಗೆ ಒಗ್ಗಿತು ಎಂದಾದರೆ ಮುಂದಿನ ಸಲ ಜಾಸ್ತಿ.

4. ಎಲ್ಲಿ ಕೀಳಬಾರದು

ಕೆರೆ ಏರಿ, ರಾಜಕಾಲುವೆ ಅಂಚು, ಬಸ್ಸು ಓಡಾಡುವ ರಸ್ತೆ ಬದಿ: ಮೂರೂ ಬೇಡವೇ ಬೇಡ. ಬೆಳ್ಳಂದೂರು ಕೆರೆಯಲ್ಲಿ ನೊರೆ ಉಕ್ಕಿದ್ದನ್ನೂ ಬೆಂಕಿ ಹತ್ತಿದ್ದನ್ನೂ ಈ ಊರು ನೋಡಿದೆ. ಕೊಳಚೆ ನೀರಿನಲ್ಲಿ ಬೆಳೆಯುವ ಸೊಪ್ಪು ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಬೇರಿನಿಂದ ಎಳೆದುಕೊಳ್ಳುತ್ತದೆ. ಅವು ಎಲೆಯ ಒಳಗೇ ಇರುತ್ತವೆ. ಉಪ್ಪುನೀರು, ಅರಿಶಿನದ ನೀರು ಯಾವುದರಲ್ಲಿ ತೊಳೆದರೂ ಹೋಗುವುದಿಲ್ಲ. ಹೊನಗೊನ್ನೆ, ಒಂದೆಲಗ ತೇವ ಹುಡುಕಿಕೊಂಡು ಹೋಗುವ ಗಿಡಗಳಾದ್ದರಿಂದ ಕೆರೆ ಬದಿ ಸೊಂಪಾಗಿ ಕಾಣುತ್ತವೆ. ಆಸೆಪಡಬೇಡಿ.

ಖಾಲಿ ಸೈಟು ಕೂಡ ಅಷ್ಟು ನಂಬುವ ಜಾಗವಲ್ಲ. ಕಳೆನಾಶಕ ಹೊಡೆದಿರಬಹುದು, ಕಟ್ಟಡದ ತ್ಯಾಜ್ಯ ಸುರಿದಿರಬಹುದು. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ನಲ್ಲಿ ಗಿಡ ಕೀಳುವಂತಿಲ್ಲ. ನಿಮ್ಮ ಕುಂಡ, ನಿಮ್ಮ ಹಿತ್ತಲು, ಕೇಳಿ ಪಡೆದ ಪಕ್ಕದ ಮನೆಯವರ ಹಿತ್ತಲು, ಇಷ್ಟು ಸಾಕು. ಜೂನ್‌ನಲ್ಲಿ ನೇರಳೆ ಉದುರುತ್ತದಲ್ಲ, ಕಾಂಪೌಂಡ್ ಒಳಗೆ ಮರ ಇದ್ದರೆ ಹಳೇ ಬೆಡ್‌ಶೀಟ್ ಹಾಸಿ. ಟಾರು ರಸ್ತೆಯ ಮೇಲೆ ಬಿದ್ದದ್ದನ್ನು ಆಯಬೇಡಿ.

5. ಬಿಡಿಸಿ, ತೊಳೆಯಿರಿ

ಪೇಪರ್ ಮೇಲೆ ಸೊಪ್ಪು ಹರಡಿ ಐದು ನಿಮಿಷ ಸುಮ್ನೆ ಬಿಡಿ. ಹುಳುಗಳು ತಾವಾಗಿ ಹೊರಬರುತ್ತವೆ. ಆಮೇಲೆ ಒಂದೊಂದೇ ದಂಟು ಎತ್ತಿ ಎಲೆಯ ಹಿಂಭಾಗ ನೋಡುತ್ತಾ ಬಿಡಿಸಿ. ಈ ಕೆಲಸಕ್ಕೆ ಜೊತೆಗೊಬ್ಬರು ಕೂತರೆ ಚೆಂದ. ಒಬ್ಬರ ಕಣ್ಣಿಗೆ ತಪ್ಪಿದ ತಪ್ಪು ಎಲೆ ಇನ್ನೊಬ್ಬರಿಗೆ ಕಾಣುತ್ತದೆ.

ಟಬ್ಬಿನ ತುಂಬ ನೀರಿಗೆ ಒಂದು ಹಿಡಿ ಉಪ್ಪು ಹಾಕಿ ಸೊಪ್ಪನ್ನು ಹತ್ತು ನಿಮಿಷ ಮುಳುಗಿಸಿ. ತೆಗೆಯುವಾಗ ಮೇಲಿನಿಂದ ಕೈಯಲ್ಲಿ ಎತ್ತಿ. ಟಬ್ ಬಗ್ಗಿಸಿ ಸೋಸಿದರೆ ತಳದ ಮಣ್ಣು ಪುನಃ ಸೊಪ್ಪಿನ ಮೇಲೇ ಬೀಳುತ್ತದೆ. ಹೀಗೆ ಇನ್ನೂ ಎರಡು ಸಲ ಬರೀ ನೀರಿನಲ್ಲಿ. ಗೋಣಿ ಸೊಪ್ಪು ನೆಲಕ್ಕಂಟಿ ಬೆಳೆಯುವುದರಿಂದ ಅದಕ್ಕೆ ಮತ್ತೊಂದು ಸಲ ಬೇಕು.

ಮಳೆ ಬಂದ ಮೇಲೆ ದೊಡ್ಡ ಆಫ್ರಿಕನ್ ಬಸವನಹುಳುಗಳು ಹೊರಡುತ್ತವೆ. ಅವು ಓಡಾಡಿದ ಕಡೆ ಹೊಳೆಯುವ ಲೋಳೆಯ ಗೆರೆ ಇರುತ್ತದೆ. ಮಿದುಳಿಗೆ ಹತ್ತುವ ಪರಾವಲಂಬಿ ಹುಳು ಈ ಬಸವನಹುಳುಗಳಲ್ಲಿ ಇರಬಹುದು. ಬರಿಗೈಲಿ ಮುಟ್ಟಬೇಡಿ. ಲೋಳೆ ಕಂಡ, ಕಚ್ಚಿ ತಿಂದ ಎಲೆ ಎಸೆಯಿರಿ. ಒಂದೆಲಗ, ದೊಡ್ಡಪತ್ರೆ ತಂಬುಳಿಗೆ ಹಾಕುವವರು ಎಲೆಯನ್ನು ತುಪ್ಪದಲ್ಲಿ ಚೆನ್ನಾಗಿ ಬಾಡಿಸಿಯೇ ರುಬ್ಬಿ. ಈ ಕಾಲದಲ್ಲಿ ಹಸಿ ಎಲೆ ಬೇಡ.

6. ಬೆರಕೆ ಸೊಪ್ಪಿನ ಬಸ್ಸಾರು

ಬಸ್ಸಾರು ಎಂದರೆ ಬಸಿದ ಸಾರು. ಬೇಯಿಸಿದ ನೀರನ್ನು (ಅದಕ್ಕೆ ಕಟ್ಟು ಎನ್ನುತ್ತಾರೆ) ಬಸಿದು ಸಾರು, ಉಳಿದ ಸೊಪ್ಪು ಕಾಳಿನಲ್ಲಿ ಪಲ್ಯ. ಒಂದೇ ಒಲೆಯಲ್ಲಿ ಎರಡು ಅಡುಗೆ. ನಾಲ್ಕು ಜನರಿಗೆ ಅಳತೆ ಹೀಗಿದೆ.

ಮುಕ್ಕಾಲು ಕಪ್ ತೊಗರಿಬೇಳೆಯನ್ನು ಆರು ಕಪ್ ನೀರಿನಲ್ಲಿ, ಅಗಲ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರ್ ಬೇಡ, ಬೇಳೆ ಕರಗಿಹೋದರೆ ಪಲ್ಯ ಮುದ್ದೆಯಾಗುತ್ತದೆ. ಬೆರಳಲ್ಲಿ ಒತ್ತಿದರೆ ಎರಡು ಹೋಳಾಗಬೇಕು, ಹಿಟ್ಟಾಗಬಾರದು. ಆ ಹದಕ್ಕೆ ಸೊಪ್ಪು ಹಾಕಿ. ಎಲ್ಲ ಸೇರಿ ಹೆಚ್ಚಿದ ಸೊಪ್ಪು ಐದಾರು ದೊಡ್ಡ ಹಿಡಿ ಇರಲಿ. ಬಲಿತ ಜಾತಿಯವು, ಅಂದರೆ ನುಗ್ಗೆ, ಅಣ್ಣೆ, ಗಣಿಕೆ ಮೊದಲು. ಐದು ನಿಮಿಷ ಬಿಟ್ಟು ಹರಿವೆ, ಕೀರೆ, ಗೋಣಿ. ನಿಮ್ಮ ಆ ಮೂರು ಬದನೆಕಾಯನ್ನು ಹೆಚ್ಚಿ ಇದಕ್ಕೇ ಹಾಕಿ. ಬೆಂಡೆ ಬೇಡ, ಕಟ್ಟು ಲೋಳೆಯಾಗುತ್ತದೆ. ಅದನ್ನು ಬೇರೆ ಬಾಣಲೆಯಲ್ಲಿ ಹುರಿದು ಪಲ್ಯಕ್ಕೆ ಸೇರಿಸಿ. ಬಸಳೆಯೂ ಅಷ್ಟೇ, ಒಂದು ಹಿಡಿಗಿಂತ ಜಾಸ್ತಿ ಬೇಡ. ಉಪ್ಪು ಹಾಕಿ, ಮುಚ್ಚದೆ ಬೇಯಿಸಿ, ಬಸಿಯಿರಿ.

ಮಸಾಲೆಗೆ ಒಂದು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಐದು ಒಣಮೆಣಸಿನಕಾಯಿ, ಎರಡು ಚಮಚ ಧನಿಯಾ ಹುರಿಯಿರಿ. ಈರುಳ್ಳಿಯ ಅಂಚು ಕಂದು ತಿರುಗಬೇಕು. ಅರ್ಧ ಕಪ್ ಕಾಯಿತುರಿ, ಸ್ವಲ್ಪ ಹುಣಸೆಹಣ್ಣು, ಬೆಂದ ಸೊಪ್ಪು ಬೇಳೆ ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಹುಳಿಸೊಪ್ಪು ಜಾಸ್ತಿ ಸಿಕ್ಕಿದ್ದರೆ ಹುಣಸೆ ಬೇಡವೇ ಬೇಡ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ, ಹಸಿ ವಾಸನೆ ಹೋಗುವವರೆಗೆ ಕುದಿಸಿ. ಆ ಒಂದು ಸೌಟು ಸೊಪ್ಪನ್ನು ರುಬ್ಬಲು ಮರೆತರೆ ಸಾರು ನೀರು ಬೇರೆ, ಮಸಾಲೆ ಬೇರೆ ಆಗಿ ನಿಲ್ಲುತ್ತದೆ.

ಪಲ್ಯಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆ, ಮೇಲೆ ಕಾಯಿತುರಿ. ಬಿಸಿ ಮುದ್ದೆ ಇರಲೇಬೇಕು. ಸಾರು ಮಾರನೇ ದಿನ ಇನ್ನೂ ರುಚಿ.

ಕಿಡ್ನಿಯಲ್ಲಿ ಕಲ್ಲು ಆಗಿರುವವರು ಗಮನಿಸಿ. ಗೋಣಿ, ಹರಿವೆ ಜಾತಿ, ಬಸಳೆ, ಹುಳಿಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ. ಕಲ್ಲು ಕಟ್ಟಲು ಕಾರಣವಾಗುವ ಅಂಶ ಅದು. ಬೇಯಿಸಿದಾಗ ಅದರ ಒಂದು ಭಾಗ ನೀರಿಗೆ ಇಳಿಯುತ್ತದೆ, ಬಸ್ಸಾರಿನಲ್ಲಿ ನಾವು ಆ ನೀರನ್ನೇ ಉಣ್ಣುತ್ತೇವೆ. ಆದ್ದರಿಂದ ನಿಮಗೆ ಸಾರು ಬೇಡ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಗೇ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಿ.

7. ಮಳೆ ಹಿಡಿಯುವ ಮೊದಲು ಒಣಗಿಸಿ, ತುಂಬಿಸಿ

ಮೃಗಶಿರ ಹಿಡಿದರೆ ಬಿಸಿಲು ನಂಬುವಂತಿಲ್ಲ. ಹಸಿಮೆಣಸಿನಕಾಯಿ ಒಂದು ಹಿಡಿಗಿಂತ ಜಾಸ್ತಿ ಇದ್ದರೆ ಈಗಲೇ ಬಾಳಕ, ಅಂದರೆ ಮಜ್ಜಿಗೆ ಮೆಣಸಿನಕಾಯಿ ಮಾಡಿ. ತೊಟ್ಟು ಹಾಗೇ ಉಳಿಸಿ, ಹೊಟ್ಟೆ ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ಎರಡು ದಿನ ನೆನೆಸಿ. ಮೂರನೇ ದಿನದಿಂದ ಹಗಲು ಬಿಸಿಲಿಗೆ, ರಾತ್ರಿ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಹೀರಿದ ಮೇಲೆ ಬರೀ ಬಿಸಿಲು. ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಮೇ ತಿಂಗಳಲ್ಲಿ ಮೂರು ಗಂಟೆಗೇ ಮೋಡ ಕಟ್ಟುತ್ತದೆ, ಅಷ್ಟರೊಳಗೆ ಒಳಗೆ ತನ್ನಿ. ಒಂದರಲ್ಲಿ ಬೂಸ್ಟು ಕಂಡರೆ ಅದರ ಜೊತೆಗಿದ್ದವನ್ನೂ ಎಸೆಯಿರಿ.

ಗಾಳಿಮಳೆಗೆ ಬಿದ್ದ ಮಾವಿನಕಾಯಿ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಪೆಟ್ಟು ಬಿದ್ದ ಕಾಯಿ ಉಪ್ಪಿನಕಾಯಿಗೆ ಬೇಡ, ಒಂದು ಕೊಳೆತ ಹೋಳು ಇಡೀ ಜಾಡಿ ಕೆಡಿಸುತ್ತದೆ. ಅವತ್ತೇ ಚಿತ್ರಾನ್ನಕ್ಕೋ ಗೊಜ್ಜಿಗೋ ಬಳಸಿ. ಮರದಿಂದ ನೀವೇ ಕೀಳುವುದಾದರೆ ತೊಟ್ಟು ಸಮೇತ ಕಿತ್ತು, ಆಮೇಲೆ ತೊಟ್ಟು ಮುರಿದು, ತೊಟ್ಟಿನ ಕಡೆ ಕೆಳಗಾಗಿ ನಿಲ್ಲಿಸಿ ಸೊನೆ ಸುರಿಸಿಬಿಡಿ. ಸೊನೆ ಮುಖಕ್ಕೆ ಸಿಡಿದರೆ ಚರ್ಮ ಸುಟ್ಟ ಹಾಗಾಗುತ್ತದೆ.

ಕರಿಬೇವು, ನುಗ್ಗೆ ಸೊಪ್ಪನ್ನು ನೆರಳಲ್ಲೇ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಣ್ಣವೂ ಘಮವೂ ಹೋಗುತ್ತದೆ. ಮುಟ್ಟಿದರೆ ಪುಡಿಯಾಗುವಷ್ಟು ಒಣಗದೆ ಬಾಟಲಿಗೆ ತುಂಬಬೇಡಿ.

8. ಪೂರ್ತಿ ಕಿತ್ತು ಮುಗಿಸಬೇಡಿ

ಪ್ರತಿ ಜಾತಿಯಲ್ಲೂ ಒಂದೊಂದು ಗಿಡ ಬೀಜಕ್ಕೆ ಬಿಡಿ. ಹರಿವೆಯ ತೆನೆ ಒಣಗಿದ ಮೇಲೆ ಪೇಪರ್ ಮೇಲೆ ಉಜ್ಜಿದರೆ ಕಪ್ಪು ಬೀಜ ಉದುರುತ್ತದೆ, ಅದನ್ನೇ ಜೂನ್‌ನಲ್ಲಿ ಬಿತ್ತಬಹುದು. ಗೋಣಿ, ಹೊನಗೊನ್ನೆಯನ್ನು ಬೇರುಸಮೇತ ಕೀಳದೆ, ಬುಡದಲ್ಲಿ ಎರಡು ಗೆಣ್ಣು ಬಿಟ್ಟು ಕತ್ತರಿಸಿ. ಇನ್ನೊಂದು ಮಳೆ ಬಿದ್ದರೆ ಹದಿನೈದು ದಿನದೊಳಗೆ ಮತ್ತೆ ಒಂದು ಬಸ್ಸಾರಿಗೆ ಆಗುವಷ್ಟು ಚಿಗುರುತ್ತವೆ.